ಹಿಮನದಿಗೆ ಹೋಗಿಯೇ ಇಲ್ಲದ ಹುಡುಗಿಯ ಹೇಳಿಕೆ

ಜಿಲ್ಲೆಯ ವಿದ್ಯಾರ್ಥಿ ಹಿಮಸಾಹಸ ಯೋಜನೆಯನ್ನು ನಡೆಸುವ ಮಾನ್ಯ ಅಧಿಕಾರಿಗಳೇ,

ಯಶೋದಾಳ ಕಾಲು ಸುಟ್ಟವಳು ನಾನು. ಮಾರ್ಗದರ್ಶಕ ಅಂಗ್ರುಪ್ ಅಲ್ಲ. ಇದನ್ನು ನಿಮ್ಮ ಕಚೇರಿಗೆ ನಾಲ್ಕು ಸಲ ಬಂದು ಬಾಯಲ್ಲಿ ಹೇಳಿದ್ದೇನೆ, ಎರಡು ಸಲ ಬರೆದು ಕೊಟ್ಟಿದ್ದೇನೆ. ಪ್ರತಿ ಸಲವೂ ನೀವು ಕೊಟ್ಟ ಉತ್ತರ ಒಂದೇ: ನಾನು ಆ ಪ್ರವಾಸಕ್ಕೆ ಹೋಗಿಯೇ ಇಲ್ಲ, ಹೋಗದವಳು ಅಲ್ಲಿ ಯಾರ ಕಾಲನ್ನೂ ಸುಡಲು ಸಾಧ್ಯವಿಲ್ಲ. ತರ್ಕ ಬಹಳ ಗಟ್ಟಿಯಾಗಿದೆ, ಒಪ್ಪುತ್ತೇನೆ. ಆದರೆ ಈ ಗಟ್ಟಿ ತರ್ಕದ ಕೆಳಗೆ ಸಿಕ್ಕಿಕೊಂಡು ಇಲ್ಲಿಂದ ಎರಡೂವರೆ ಸಾವಿರ ಕಿಲೋಮೀಟರ್ ದೂರದಲ್ಲಿ ಒಬ್ಬ ಮನುಷ್ಯ ಮೇ ಹತ್ತನೇ ತಾರೀಕು ತನ್ನ ಕಸುಬು ಕಳೆದುಕೊಳ್ಳಲಿದ್ದಾನೆ. ಮುಚ್ಚಿದ ಲಕೋಟೆಯಲ್ಲಿ ಕೊಟ್ಟ ನನ್ನ ಎರಡೂ ಪತ್ರಗಳು ನಿಮ್ಮ ಕಚೇರಿಯಲ್ಲಿ ಯಾವ ಸಾಹಸಯಾತ್ರೆಗೆ ಹೊರಟವೋ, ಇನ್ನೂ ಮರಳಿಲ್ಲ. ಅದಕ್ಕೇ ಮೂರನೆಯದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನನ್ನ ಪರಿಚಯ ನಿಮಗೆ ಬೇಕಿಲ್ಲ, ನಾಲ್ಕು ಸಲ ಬಾಗಿಲು ತೋರಿಸಿದ್ದೀರಿ. ಓದುವವರಿಗಾಗಿ ಹೇಳುತ್ತೇನೆ. ಹೆಸರು ದುರ್ಗಾ, ವಯಸ್ಸು ಇಪ್ಪತ್ತು, ಊರು ಆವರಗೆರೆ. ಒಂಬತ್ತನೇ ತರಗತಿಯ ಅರ್ಧಕ್ಕೆ ಶಾಲೆ ಬಿಟ್ಟೆ. ಬಡತನದಿಂದ ಬಿಟ್ಟೆ ಎಂದು ಬರೆದರೆ ಓದುವವರಿಗೆ ಕರುಣೆ ಬರುತ್ತದೆ, ಆದರೆ ಅದು ಸುಳ್ಳು. ಅವ್ವ ಓದಿಸಲು ತಯಾರಿದ್ದಳು, ನನಗೆ ಕೂರಲು ಆಗುತ್ತಿರಲಿಲ್ಲ. ದಿನಕ್ಕೆ ಏಳು ತಾಸು ಒಂದೇ ಗೋಡೆಯನ್ನು ನೋಡುವುದೇ ಓದು ಎನ್ನುವುದಾದರೆ ಇಷ್ಟೊತ್ತಿಗೆ ಹಲ್ಲಿಗಳೆಲ್ಲ ಪದವೀಧರರಾಗಬೇಕಿತ್ತು. ಈಗ ಅವ್ವ ತಿಮ್ಮವ್ವನ ಜೊತೆ ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತೇನೆ. ಕಾದ ಮರಳಿಗೆ ಅಕ್ಕಿ ಸುರಿದು, ಅದು ಚಟಚಟ ಅರಳಿದ ಕೂಡಲೇ ಜರಡಿಗೆ ಎತ್ತಿ ಹಾಕುವುದು. ಐದು ವರ್ಷವಾಯಿತು. ಅಂಗೈ ದಪ್ಪಗಾಗಿದೆ, ಕುದಿಯುವ ಚಹಾದ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತೇನೆ. ಇದು ಹೆಮ್ಮೆಗೆ ಹೇಳಿದ್ದಲ್ಲ. ಯಶೋದಾಳ ಕಾಲು ಸುಟ್ಟಿದ್ದರಲ್ಲಿ ಈ ಅಂಗೈಯ ಪಾಲೂ ಇದೆ.

ಇಂಥವಳು ನಿಮ್ಮ ಕಾಲೇಜು ವಿದ್ಯಾರ್ಥಿಗಳ ತಂಡಕ್ಕೆ ಹೇಗೆ ಸೇರಿದಳು? ನೀವು ಕರೆದಿರಿ, ಸೇರಿದೆ. ಕಳೆದ ಸೆಪ್ಟೆಂಬರಿನಲ್ಲಿ ಜಿಲ್ಲೆಯ ಇಪ್ಪತ್ತು ವಿದ್ಯಾರ್ಥಿಗಳನ್ನು ಹಿಮಾಚಲದ ಲಾಹೌಲ್ ಕಣಿವೆಗೆ, ಅಲ್ಲಿಂದ ಮೇಲೆ ಒಂದು ಹಿಮನದಿಯ ತನಕ ನಡೆಸಿಕೊಂಡು ಹೋಗುವುದೆಂದು ನಿಮ್ಮ ಯೋಜನೆ ತೀರ್ಮಾನಿಸಿತ್ತು. ಪಟ್ಟಿಯಲ್ಲಿ ಹರಿಹರದ ಅಂಕಿತಾ ಇದ್ದಳು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು, ಅಂದರೆ ನಾನು ಕೂತಿದ್ದಷ್ಟು ದಿನ. ರೈಲಿಗೆ ಎರಡು ದಿನವಿರುವಾಗ ಅವಳಿಗೆ ಮೈತುಂಬ ಅಮ್ಮ ಎದ್ದಿತು. ಮನೆಯಲ್ಲಿ ಬೇವಿನಸೊಪ್ಪು ಕಟ್ಟಿ ಮಲಗಿಸಿದರು. ಅವಳ ಅಪ್ಪ, ಕಿರಾಣಿ ವ್ಯಾಪಾರದ ಬಕ್ಕೇಶಪ್ಪನವರು, ಮಗಳು ಬರುವುದಿಲ್ಲವೆಂದು ಹೇಳಲು ನಿಮ್ಮ ಕಚೇರಿಗೆ ಬಂದರೆ ನಿಮ್ಮ ಗುಮಾಸ್ತರು ಗಾಬರಿಬಿದ್ದರು. ಆರು ಹುಡುಗಿಯರು ಇರಲೇಬೇಕಂತೆ. ಪಟ್ಟಿ ಮೊಹರು ಬಿದ್ದು ಬೆಂಗಳೂರಿಗೆ ಹೋಗಿದೆಯಂತೆ. ಹೆಸರು ಬದಲಿಸಿದರೆ ಇಡೀ ಪ್ರವಾಸವೇ ನಿಲ್ಲುತ್ತದಂತೆ. ಹೆಸರನ್ನು ಬದಲಿಸುವಂತಿಲ್ಲ, ಮನುಷ್ಯರನ್ನು ಬದಲಿಸಬಹುದು. ಸರ್ಕಾರ ನಡೆಯುವ ರೀತಿ ನನಗೆ ಅರ್ಥವಾದದ್ದು ಅವತ್ತೇ. ಅಂಕಿತಾ ಮಲಗಿದಲ್ಲಿಂದಲೇ ನನಗೆ ಫೋನು ಮಾಡಿದಳು.

“ಲೇ ದುರ್ಗಿ, ಹಿಮಾಲಯಕ್ಕೆ ಹೋಗ್ತೀಯೇನೇ?”

“ಯಾವಾಗ?”

“ನಾಡಿದ್ದು.”

“ಗಾಡಿ ಎಷ್ಟೊತ್ತಿಗೈತೆ?”

ನಮ್ಮ ಚರ್ಚೆ ಇಷ್ಟೇ. ಅವ್ವ ಮಾತ್ರ ಸ್ವಲ್ಪ ಎಳೆದಳು. “ದಿನಾ ಬೆಂಕಿ ಮುಂದೆ ಕುಂದರಾಕಿ ಏಕ್‌ದಂ ಮಂಜಿನಾಗೆ ಹೋದ್ರೆ ಬಿಸಿ ಗಾಜಿನ ಲೋಟ ನೀರಿಗೆ ಹಾಕಿದಂಗೆ ಪಟ್ಟಂತ ಒಡೀತೀಯ ನೋಡು” ಎಂದಳು. ಆಮೇಲೆ ತಾನೇ ಎರಡು ಚೀಲ ಮಂಡಕ್ಕಿ ಕಟ್ಟಿಕೊಟ್ಟಳು. ಹೊರಡುವ ಮುನ್ನ ನಿಮ್ಮ ಗುಮಾಸ್ತರು ನನ್ನನ್ನು ಕೂರಿಸಿಕೊಂಡು ತರಬೇತಿ ಕೊಟ್ಟರು. ಹಿಮದ ಮೇಲೆ ನಡೆಯುವ ತರಬೇತಿಯಲ್ಲ.

“ನೋಡಮ್ಮ, ಅಂಕಿತಾ ಅಂತ ಕರೀತಾರೆ, ನೀನು ಎಸ್ ಸರ್ ಅನ್ನು. ಮುಗೀತು.”

“ಸುಳ್ಳು ಹೇಳಿದಂಗಾಗಲ್ವೇನ್ರಿ?”

“ಯಾರೋ ಕರೆದ್ರು, ಯಾರೋ ಓ ಅಂದ್ರು. ಇದ್ರಾಗೆ ಸುಳ್ಳು ಎಲ್ಲೈತೆ?”

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಬಾಯಲ್ಲಿ ಬಂದದ್ದು ನಿಮ್ಮ ಮಾತು ಎಂಬುದು ನಮ್ಮಿಬ್ಬರಿಗೂ ಗೊತ್ತು, ಏಕೆಂದರೆ ಆಗ ನೀವು ಒಳಗಿನ ಕೋಣೆಯಿಂದ “ಎತ್ತರ ಸರಿ ಹೋಗುತ್ತಾ ನೋಡ್ರಿ” ಎಂದು ಕೂಗಿದ್ದಿರಿ. ನಾನೂ ಸಾಚಾ ಅಲ್ಲ. ಬೇರೆಯವರ ಹೆಸರಿನಲ್ಲಿ ಹೋಗುವುದು ತಪ್ಪೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋದೆ. ಬೆಟ್ಟ ನೋಡಬೇಕು ಎನ್ನುವ ಆಸೆ ಅಷ್ಟಿತ್ತು. ಈ ತಪ್ಪಿಗೆ ನೀವು ಕೇಸು ಹಾಕಿದರೆ ಎದುರಿಸುತ್ತೇನೆ. ಆದರೆ ಹಾಕಬೇಕಾದರೆ ಮೊದಲು ನಾನು ಹೋಗಿದ್ದೆ ಎಂದು ಒಪ್ಪಿಕೊಳ್ಳಬೇಕಾಗುತ್ತದೆ, ಅದು ನಿಮ್ಮ ಕಷ್ಟ.

ಇನ್ನು ಬೂಟಿನ ವಿಷಯ. ನಿಮ್ಮ ವರದಿಯಲ್ಲಿ ಬೂಟು ಎಂಬ ಪದವೇ ಇಲ್ಲವಾದ್ದರಿಂದ ನಾನು ಬರೆಯಲೇಬೇಕು. ಹರಿಹರ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ನಮಗೆಲ್ಲ ಟೋಪಿ, ಯೋಜನೆಯ ಹೆಸರಿದ್ದ ಟೀಶರ್ಟು, ಬೂಟು ಹಂಚಿದರು. ಇಪ್ಪತ್ತು ಜೊತೆ ಬೂಟು, ಇಪ್ಪತ್ತೂ ಏಳನೇ ನಂಬರು. ಯಾಕೆಂದು ಕೇಳಿದರೆ, ತರಿಸುವ ಫಾರ್ಮಿನಲ್ಲಿ ಸಂಖ್ಯೆ ಬರೆಯಲು ಜಾಗವಿತ್ತೇ ಹೊರತು ಅಳತೆ ಬರೆಯಲು ಇರಲಿಲ್ಲ ಎಂದರು. ಕೊಕ್ಕನೂರಿನ ಯಶೋದಾ, ಬಿ.ಎ. ಎರಡನೇ ವರ್ಷದವಳು, ಅವಳ ಕಾಲು ನಾಲ್ಕನೇ ನಂಬರಿನದು. ಮೂರು ಜೊತೆ ಕಾಲುಚೀಲ ಹಾಕಿ, ಮುಂದುಗಡೆ ದಿನಪತ್ರಿಕೆ ತುರುಕಿಕೊಂಡು ಹೊರಟಳು. “ಏಳನೇ ನಂಬರ್ ಸಿಕ್ಕೈತೆ ಅಂದ್ರೆ ಸರ್ಕಾರಕ್ಕೆ ನಾವು ಇನ್ನೂ ಬೆಳೀತೀವಿ ಅಂತ ನಂಬಿಕೆ ಐತೆ ಅಂತ” ಎಂದು ರೈಲಿನಲ್ಲಿ ಎಲ್ಲರನ್ನೂ ನಗಿಸಿದಳು. ನಾನೂ ನಕ್ಕೆ. ಅದು ಬರೀ ಕ್ಯಾನ್ವಾಸ್ ಬೂಟು, ನೀರು ಕುಡಿಯುತ್ತದೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ಅಂಗ್ರುಪ್‌ಗೆ. ಕಣಿವೆಯಲ್ಲಿ ಜೀಪು ಇಳಿದಾಗ ನಮ್ಮನ್ನು ಎದುರುಗೊಂಡ ಮಾರ್ಗದರ್ಶಕ ಆತ. ನಲವತ್ತರ ಆಸುಪಾಸು, ಬಿಸಿಲಿಗೂ ಹಿಮಕ್ಕೂ ಬೆಂದ ಮುಖ. ನಮ್ಮ ಮುಖ ನೋಡುವ ಮೊದಲು ನಮ್ಮ ಕಾಲು ನೋಡಿದ. ಇಪ್ಪತ್ತು ಜನರ ಕಾಲನ್ನೂ ಒಂದೊಂದಾಗಿ ಬಗ್ಗಿ ನೋಡಿದ. ತಂಡದಲ್ಲಿ ಅವನ ಹಿಂದಿ ಸಲೀಸಾಗಿ ತಿಳಿಯುತ್ತಿದ್ದುದು ನನಗೊಬ್ಬಳಿಗೆ. ಭಟ್ಟಿಯ ಸುತ್ತ ಉರ್ದು ಮಾತಾಡುವವರ ಜೊತೆ ಬೆಳೆದದ್ದು ಹೀಗೆ ಉಪಯೋಗಕ್ಕೆ ಬಂತು. ಪದವಿ ಓದುವ ಹತ್ತೊಂಬತ್ತು ಜನಕ್ಕೆ ನಾನು ದುಭಾಷಿ. ಈ ಬೂಟಿನಲ್ಲಿ ಕೆಳಗಿನ ಬಿಡಾರದ ತನಕ ಕರೆದುಕೊಂಡು ಹೋಗುತ್ತೇನೆ, ಹಿಮನದಿಯ ಮೇಲೆ ಬೇಡ ಎಂದ. ಅದನ್ನು ನಾನೇ ನೀವು ಕಳಿಸಿದ್ದ ತಂಡದ ನಾಯಕರಿಗೆ ಕನ್ನಡದಲ್ಲಿ ಹೇಳಿದೆ. ನಾಯಕರಿಗೆ ಅಷ್ಟರಲ್ಲಿ ತಲೆನೋವು ಶುರುವಾಗಿ, ಅವರು ಜೀಪು ನಿಲ್ಲುವ ಜಾಗದ ಹೋಟೆಲಿನಲ್ಲೇ ರಜಾಯಿ ಹೊದ್ದು ಉಳಿಯಲು ನಿರ್ಧರಿಸಿದ್ದರು. ಮಲಗಿದಲ್ಲಿಂದಲೇ ಅಪ್ಪಣೆ ಕೊಟ್ಟರು: “ಬ್ಯಾನರ್ ಹಿಡ್ಕಂಡು ಹಿಮದ ಮ್ಯಾಲೆ ಫೋಟೊ ಆಗ್ಲೇಬೇಕು. ಫೋಟೊ ಇಲ್ಲಾಂದ್ರೆ ನಾವು ಹೋಗಿದ್ವಿ ಅನ್ನಾಕೆ ಏನು ಸಾಕ್ಷಿ?” ತಾನಿಲ್ಲದೆ ಹೋದರೆ ಇನ್ನೂ ಅಪಾಯವೆಂದು ಅಂಗ್ರುಪ್ ಒಲ್ಲದ ಮನಸ್ಸಿನಿಂದ ಒಪ್ಪಿ, ತನ್ನ ಚೀಲದಲ್ಲಿದ್ದ ಇನ್ನೊಂದು ಜೊತೆ ಒಳ್ಳೆಯ ಬೂಟನ್ನು ತೆಗೆದು, ತೂತುಬಿದ್ದ ಬೂಟಿನ ಒಬ್ಬ ಹುಡುಗನಿಗೆ ಕೊಟ್ಟ. ಅವನ ಹತ್ತಿರ ಇದ್ದದ್ದೇ ಅಷ್ಟು.

ಆ ಬೆಟ್ಟಗಳ ಬಗ್ಗೆ ನಾಲ್ಕು ಮಾತು ಬರೆಯಲು ಬಿಡಿ. ನಿಮ್ಮ ಯೋಜನೆಯಿಂದ ಯಾರಿಗಾದರೂ ಏನಾದರೂ ಸಿಕ್ಕಿದ್ದರೆ ಅದು ನನಗೆ. ಮರವೇ ಇಲ್ಲದ ಬೆಟ್ಟ, ತೊಳೆದಿಟ್ಟ ಹಾಗೆ ಆಕಾಶ, ಮಧ್ಯಾಹ್ನದ ಹೊತ್ತಿಗೆ ಬಿಸಿಲಿನಲ್ಲಿ ಮೂಗು ಸುಡುತ್ತಿದ್ದರೆ ಬೆನ್ನ ಹಿಂದಿನ ನೆರಳಿನಲ್ಲಿ ನೀರು ಗಟ್ಟಿಯಾಗಿರುತ್ತಿತ್ತು. ನಾನು ಕಟ್ಟಿಕೊಂಡು ಹೋಗಿದ್ದ ಮಂಡಕ್ಕಿ ಚೀಲ ಎತ್ತರಕ್ಕೆ ಹೋದಷ್ಟೂ ಉಬ್ಬಿ ಬಲೂನಿನಂತಾಯಿತು. ಹಿಮನದಿ ಎಂದರೆ ಬೆಳ್ಳಗೆ ಹೊಳೆಯುತ್ತದೆ ಎಂದುಕೊಂಡಿದ್ದೆ. ಅದು ಭಟ್ಟಿಯ ಹಿಂದಿನ ಬೂದಿಗುಡ್ಡೆಯ ಹಾಗೆ ಕಲ್ಲು ಮಣ್ಣು ಹೊದ್ದು ಮಲಗಿತ್ತು. ಕಿವಿಗೊಟ್ಟರೆ ಒಳಗೆಲ್ಲೋ ನೀರು ಓಡುವ ಸದ್ದು, ಆಗಾಗ ಮರದ ದಿಮ್ಮಿ ಸೀಳಿದಂಥ ಸದ್ದು. “ನಡೀತಾ ಇದೆ” ಎಂದ ಅಂಗ್ರುಪ್. “ನಮ್ಮ ಕಣ್ಣಿಗೆ ಕಾಣುವುದಿಲ್ಲ. ನಾನು ಹುಡುಗನಾಗಿದ್ದಾಗ ಅದರ ಬಾಯಿ ಅಗೋ ಆ ದೊಡ್ಡ ಬಂಡೆಯ ಹತ್ತಿರ ಇತ್ತು.” ಬಂಡೆ ಅರ್ಧ ತಾಸಿನ ನಡಿಗೆಯಷ್ಟು ಕೆಳಗಿತ್ತು. ಅಷ್ಟು ದೊಡ್ಡದೊಂದು ಹಿಂದೆ ಸರಿದು ಹೋಗುತ್ತಿರುವುದನ್ನು ನೋಡುತ್ತಾ ನಿಂತಾಗ ಹಿಂದಿನಿಂದ ಯಾರೋ ಅಂಕಿತಾ ಅಂಕಿತಾ ಎಂದು ಕೂಗುತ್ತಿದ್ದರು. ನಾನು ತಿರುಗಲೇ ಇಲ್ಲ. ಆ ಹೆಸರು ನನ್ನ ಮೈಗೆ ಹತ್ತಿರಲಿಲ್ಲ. ಅಂದು ಸಂಜೆ ಅಂಗ್ರುಪ್ ನಗುತ್ತಾ “ನಿನಗೆ ಕಿವಿ ಕೇಳುವುದಿಲ್ಲವೋ, ಹೆಸರು ನಿನ್ನದಲ್ಲವೋ?” ಎಂದು ಕೇಳಿದ. ನಿಜ ಹೇಳಿದೆ. ಅಲ್ಲಿ ನನ್ನನ್ನು ದುರ್ಗಾ ಎಂದು ಕರೆದವನು ಮೊದಲು ಅವನು, ಆಮೇಲೆ ನನ್ನ ಡೇರೆಯಲ್ಲಿ ಮಲಗುತ್ತಿದ್ದ ಯಶೋದಾ.

ಮಾರನೇ ದಿನ ಹಿಮದ ಮೇಲೆ ಫೋಟೊ ಆಯಿತು. ಎಲ್ಲರೂ ಬ್ಯಾನರ್ ಹಿಡಿದು ನಕ್ಕೆವು. ವಾಪಸು ಬರುವಾಗ, ಬೆಳಿಗ್ಗೆ ಕಾಲ್ಬೆರಳು ಮುಳುಗುವಷ್ಟಿದ್ದ ಹಳ್ಳ ಬಿಸಿಲಿಗೆ ಹಿಮ ಕರಗಿ ಮೊಣಕಾಲಿಗೆ ಬಂದಿತ್ತು. ಅಂಗ್ರುಪ್ ಹಗ್ಗ ಕಟ್ಟಿ ಒಬ್ಬೊಬ್ಬರನ್ನೇ ದಾಟಿಸತೊಡಗಿದ. ಮೊದಲು ದಾಟಿದವಳು ನಾನು, ಯಶೋದಾ ಎರಡನೆಯವಳು. ನಡುನೀರಿನಲ್ಲಿ ಅವಳ ಬಲಗಾಲಿನ ಏಳನೇ ನಂಬರಿನ ಬೂಟು ಕಾಲನ್ನು ಬಿಟ್ಟು ತಾನೇ ಪ್ರವಾಸ ಹೊರಟಿತು. ಅವಳು ಅದನ್ನು ಹಿಡಿಯಲು ಬಗ್ಗಿ, ಕಾಲು ಕಲ್ಲಿನ ಸಂದಿಗೆ ಸಿಕ್ಕಿ, ಆ ನೀರಿನಲ್ಲಿ ಬಹಳ ಹೊತ್ತು ನಿಂತಳು. ಅಂಗ್ರುಪ್ ಅವಳನ್ನು ಎತ್ತಿ ಈಚೆ ದಡಕ್ಕೆ ತಂದಾಗ ಕಾಲು ಮೇಣದ ಹಾಗೆ ಬೆಳ್ಳಗಾಗಿತ್ತು. ಬಿಡಾರ ಅಲ್ಲಿಂದ ಹತ್ತು ಹೆಜ್ಜೆ. ನನ್ನನ್ನು ಕರೆದು ಹೇಳಿದ: ಒಣಬಟ್ಟೆ ಸುತ್ತು, ಉಜ್ಜಬೇಡ, ಬೆಂಕಿಯ ಹತ್ತಿರ ಒಯ್ಯಬೇಡ, ನಾನು ಉಳಿದವರನ್ನು ದಾಟಿಸಿ ಬಂದು ಉಗುರುಬೆಚ್ಚಗಿನ ನೀರಿನಲ್ಲಿ ಇಡಿಸುತ್ತೇನೆ. ಹದಿನೆಂಟು ಜನ ಇನ್ನೂ ಆಚೆ ದಡದಲ್ಲಿದ್ದರು, ನೀರು ಏರುತ್ತಿತ್ತು. ಅವನು ಹೋದ. ಅವನ ಮಾತು ಸ್ಪಷ್ಟವಾಗಿತ್ತು, ನನಗೆ ಅರ್ಥವೂ ಆಗಿತ್ತು. ದಯವಿಟ್ಟು ಈ ವಾಕ್ಯವನ್ನು ಎರಡು ಸಲ ಓದಿ.

ಯಶೋದಾ ನಡುಗುತ್ತಾ “ಕಾಲು ಐತೋ ಇಲ್ಲೋ ಗೊತ್ತಾಗವಲ್ದು ಕಣೆ” ಎಂದು ಅಳತೊಡಗಿದಳು. ನಮ್ಮಲ್ಲಿ ಬಾಣಂತಿಯ ಸೊಂಟಕ್ಕೆ, ಮುದುಕರ ಮೊಣಕಾಲಿಗೆ, ಉಳುಕಿದ ಕೈಗೆ, ಯಾವುದಕ್ಕಾದರೂ ಬಿಸಿ ಮರಳಿನ ಗಂಟೇ ಮದ್ದು. ಕೇರಿಯವರೆಲ್ಲ ಅದಕ್ಕಾಗಿ ಭಟ್ಟಿಗೇ ಬರುತ್ತಾರೆ. ಕಾವು ಕೊಡುವುದರಲ್ಲಿ ನನ್ನ ಕೈ ಒಳ್ಳೆಯದೆಂದು ಹೆಸರಿದೆ. ಹಿಮನದಿಯಿಂದ ಹರಿದು ಬಂದ ರವೆಯಂಥ ಬೂದು ಮರಳು ಹಳ್ಳದ ದಡದಲ್ಲಿ ರಾಶಿ ಬಿದ್ದಿತ್ತು. ಇಷ್ಟು ಒಳ್ಳೆಯ ಮರಳು ಇಟ್ಟುಕೊಂಡು ಉಗುರುಬೆಚ್ಚಗಿನ ನೀರಿಗೆ ಕಾಯುವುದೇ ಎಂದು ನನಗನಿಸಿತು. ಅಡುಗೆಯವರ ಸ್ಟೌವಿನ ಮೇಲೆ ಬಾಣಲೆ ಇಟ್ಟು ಮರಳು ಹುರಿದೆ, ಉಣ್ಣೆಯ ಕಾಲುಚೀಲಕ್ಕೆ ತುಂಬಿ ಗಂಟು ಹಾಕಿದೆ, ಅಂಗೈಯಲ್ಲಿ ಒತ್ತಿ ನೋಡಿದೆ, ಹಿತವಾಗಿತ್ತು. ಅವಳ ಬೆರಳುಗಳ ಮೇಲಿಟ್ಟೆ.

“ಹೆಂಗೈತೆ?”

“ಏನೂ ಗೊತ್ತಾಗವಲ್ದು.”

“ಈಗ?”

“ಇಲ್ಲ ಲೇ. ಇನ್ನೊಂಚೂರು ಬಿಸಿ ಮಾಡು.”

ಮತ್ತೆ ಹುರಿದೆ. ನಮ್ಮಲ್ಲಿ ಕಾವು ಕೊಡುವುದಕ್ಕೆ ಇರುವ ನಿಯಮ ಒಂದೇ: ಕೊಡಿಸಿಕೊಳ್ಳುವವರು ‘ಹಾ’ ಎಂದು ಚೀರಿದಾಗ ತೆಗೆಯಬೇಕು. ಅವಳು ಚೀರಲಿಲ್ಲ. ಅವಳ ಕಾಲಿಗೆ ಬಿಸಿ ತಿಳಿಯುತ್ತಿರಲಿಲ್ಲ, ನನ್ನ ಅಂಗೈಗೂ ತಿಳಿಯುತ್ತಿರಲಿಲ್ಲ. ಇಬ್ಬರು ಕುರುಡರು ಒಬ್ಬರನ್ನೊಬ್ಬರು ದಾರಿ ಕೇಳಿದ ಹಾಗಾಯಿತು. ಮೂರನೇ ಗಂಟಿನ ಹೊತ್ತಿಗೆ ಚರ್ಮ ಸುಟ್ಟ ವಾಸನೆ ಬಂತು. ಅಷ್ಟರಲ್ಲಿ ಅಂಗ್ರುಪ್ ಒದ್ದೆಬಟ್ಟೆಯಲ್ಲೇ ಓಡಿ ಬಂದ. ಬಾಣಲೆ ನೋಡಿದ, ಗಂಟು ನೋಡಿದ, ನನ್ನ ಮುಖ ನೋಡಿದ. ಬೈಯಲಿಲ್ಲ. ಬೈದಿದ್ದರೆ ಇಷ್ಟು ದಿನ ನಾನು ಸ್ವಲ್ಪ ಹಗುರವಾಗಿರುತ್ತಿದ್ದೆ. ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಐದು ತಾಸು ಇಳಿದ.

ಕಣಿವೆಯ ಆಸ್ಪತ್ರೆಯಲ್ಲಿ ವೈದ್ಯರು ಇದು ಹೇಗಾಯಿತು ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅಂಗ್ರುಪ್ “ಮೇರೀ ಟೀಮ್, ಮೇರೀ ಜಿಮ್ಮೇದಾರಿ” ಎಂದ. ನನ್ನ ತಂಡ, ನನ್ನ ಹೊಣೆ. ಬೆಟ್ಟದವರಲ್ಲಿ ಅದು ರೂಢಿಯಂತೆ. ಹಗ್ಗದ ಮುಂದಿನ ತುದಿ ಹಿಡಿದವನು ಹಿಂದಿನವರ ತಪ್ಪಿಗೂ ತಲೆ ಕೊಡುತ್ತಾನೆ. ಅಷ್ಟರಲ್ಲಿ ತಲೆನೋವು ವಾಸಿಯಾಗಿ ಆಸ್ಪತ್ರೆಗೆ ಬಂದಿದ್ದ ನಮ್ಮ ನಾಯಕರು ಆ ಮಾತನ್ನು ಕೇಳಿಸಿಕೊಂಡರು. ನಾನು ಅವರನ್ನು ಪಕ್ಕಕ್ಕೆ ಕರೆದು “ಸರ್, ಸುಟ್ಟಿದ್ದು ನಾನು” ಎಂದೆ. “ನೀನು ಯಾರು?” ಎಂದರು. “ದುರ್ಗಾ.” “ದುರ್ಗಾ ಅನ್ನೋರು ನಮ್ಮ ತಂಡದಾಗೆ ಯಾರೂ ಇಲ್ಲ. ಬಾಯಿ ಮುಚ್ಕಂಡು ಗಾಡಿ ಹತ್ತು.” ನಾಚಿಕೆಯ ಸಂಗತಿಯನ್ನೂ ಬರೆಯುತ್ತೇನೆ. ನಾನು ಬಾಯಿ ಮುಚ್ಚಿಕೊಂಡು ಗಾಡಿ ಹತ್ತಿದೆ. ಹರಿಹರದಲ್ಲಿ ಇಳಿದಾಗ ಯಶೋದಾಳ ಅಪ್ಪ ದುರುಗಣ್ಣನವರು ನನ್ನ ತಲೆ ಸವರಿ “ನಮ್ಮ ಹುಡುಗೀನ ಹುಷಾರಾಗಿ ಕರ್ಕಂಬಂದಿ ತಾಯಿ” ಎಂದಾಗಲೂ ಸುಮ್ಮನಿದ್ದೆ. ಹನ್ನೊಂದು ದಿನ ಸುಮ್ಮನಿದ್ದೆ.

ಆ ಹನ್ನೊಂದು ದಿನದಲ್ಲಿ ನಿಮ್ಮ ವರದಿ ತಯಾರಾಯಿತು. “ಸ್ಥಳೀಯ ಮಾರ್ಗದರ್ಶಕನ ನಿರ್ಲಕ್ಷ್ಯದಿಂದ ವಿದ್ಯಾರ್ಥಿನಿಯೊಬ್ಬರಿಗೆ ಸುಟ್ಟಗಾಯವಾಗಿದ್ದು, ಸದರಿಯವರು ತಮ್ಮ ಹೊಣೆಯನ್ನು ಸ್ವತಃ ಒಪ್ಪಿಕೊಂಡಿರುತ್ತಾರೆ.” ನೋಡಿ, ಇಡೀ ಪ್ರವಾಸದಲ್ಲಿ ಹೊಣೆ ಹೊತ್ತವನು ಒಬ್ಬನೇ, ಅವನ ಮಾತನ್ನೇ ಹಗ್ಗ ಮಾಡಿ ಅವನ ಕುತ್ತಿಗೆಗೆ ಹಾಕಿದಿರಿ. ಆ ವರದಿ ಅಲ್ಲಿನ ಮಾರ್ಗದರ್ಶಕರ ಸಂಘಕ್ಕೆ ಹೋಯಿತು. ಸಂಘ ಅವನ ಗುರುತಿನ ಚೀಟಿಯನ್ನು ತಡೆಹಿಡಿದು ಮೇ ಹತ್ತಕ್ಕೆ ವಿಚಾರಣೆ ಇಟ್ಟಿದೆ. ಅಂಥ ವರದಿ ಬರೆಯಲು ನಿಮಗೆ ಬೇರೆ ದಾರಿ ಇರಲಿಲ್ಲವೆಂದು ನನಗೆ ಗೊತ್ತು. ಅಂಕಿತಾ ಸುಟ್ಟಳು ಎಂದು ಬರೆಯುವ ಹಾಗಿಲ್ಲ, ಆ ದಿನ ಅವಳು ಹರಿಹರದಲ್ಲಿ ಮಜ್ಜಿಗೆ ಅನ್ನ ತಿನ್ನುತ್ತಿದ್ದದ್ದಕ್ಕೆ ಇಡೀ ಬೀದಿಯೇ ಸಾಕ್ಷಿ. ದುರ್ಗಾ ಸುಟ್ಟಳು ಎಂದು ಬರೆಯುವ ಹಾಗಿಲ್ಲ, ಅವಳು ಇಲ್ಲವೇ ಇಲ್ಲ. ಬೂಟು ಸುಟ್ಟಿತು ಎಂದರೆ ಬೂಟು ತರಿಸಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಉಳಿದವನು ಕನ್ನಡ ಬಾರದವನು, ಇಲ್ಲಿ ನೆಂಟರಿಲ್ಲದವನು, ಮತದಾರರ ಪಟ್ಟಿಯಲ್ಲಿ ಇಲ್ಲದವನು. ಇಷ್ಟು ಅನುಕೂಲಕರವಾದ ಅಪರಾಧಿ ಎಲ್ಲಿ ಸಿಗುತ್ತಾನೆ?

ಹನ್ನೆರಡನೇ ದಿನ ನಾನು ಬಸ್ಸು ಹತ್ತಿ ಕೊಕ್ಕನೂರಿಗೆ ಹೋದೆ. ದುರುಗಣ್ಣನವರು ಕಟ್ಟೆಯ ಮೇಲೆ ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ.

“ಉಂಡೀಯೇನು?” ಎಂದರು.

“ಇಲ್ಲ.”

“ಉಣ್ಣು ನಡಿ. ಆ ಬೆಟ್ಟದ ಮನುಷ್ಯಾಗೆ ನಾನು ದಿನಾ ಬೆಳಿಗ್ಗೆ ಎದ್ದು ಮುಖ ತೊಳಿಯಕ್ಕಿಂತ ಮೊದ್ಲು ಬೈತಿದ್ದೆ. ಇನ್ಮ್ಯಾಲೆ ಯಾರಿಗೆ ಬೈಲಿ ಹೇಳು. ಎದುರಿಗೆ ಬಂದು ನಿಂತಾಕಿಗೆ ಬೈಯಾಕೆ ಬಾಯಿ ಬರಲ್ಲ.”

ಒಳಗಿನಿಂದ ಯಶೋದಾ ಗೋಡೆ ಹಿಡಿದು ಕುಂಟುತ್ತಾ ಬಂದಳು. “ಇನ್ನೊಂಚೂರು ಬಿಸಿ ಮಾಡು ಅಂದಾಕಿ ನಾನೇ ಅಪ್ಪಾ, ಅದನ್ನೂ ಹೇಳ್ಯಾಳೋ ಇಲ್ಲೋ?” ಎಂದಳು. ಅವಳ ಬಲಗಾಲಿನ ಎರಡು ಬೆರಳಿನ ತುದಿ ಹೋಗಿದೆ. ಈಗ ನಡೆಯುತ್ತಾಳೆ, ಓಡಲಾರಳು. ಮಾರನೇ ವಾರ ಅವಳೇ ನಿಮ್ಮ ಕಚೇರಿಗೆ ಹೇಳಿಕೆ ಕೊಡಲು ಬಂದಳು. ಪಟ್ಟಿಯಲ್ಲಿ ಇಲ್ಲದ ವ್ಯಕ್ತಿಯ ಮೇಲೆ ಹೇಳಿಕೆ ಪಡೆಯಲು ಬರುವುದಿಲ್ಲ ಎಂದು ಅವಳನ್ನೂ ಮೆಟ್ಟಿಲಿಳಿಸಿ ಕಳಿಸಿದಿರಿ. ಸುಟ್ಟವಳು ಒಪ್ಪಿದ್ದಾಳೆ, ಸುಟ್ಟುಕೊಂಡವಳು ಒಪ್ಪಿದ್ದಾಳೆ, ಒಪ್ಪದವರು ಹಿಮವನ್ನೇ ನೋಡದ ನೀವೊಬ್ಬರು.

ನನ್ನ ನಾಲ್ಕನೇ ಭೇಟಿ ನಿಮಗೆ ನೆನಪಿರಬಹುದು. ನಿಮ್ಮ ಕುರ್ಚಿಯ ಹಿಂದೆ ಗೋಡೆಯ ಮೇಲೆ ನಮ್ಮ ಫೋಟೊವನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ತೂಗುಹಾಕಿದ್ದೀರಿ.

“ಸಾಹೇಬ್ರೇ, ನಿಮ್ಮ ತಲಿ ಮ್ಯಾಲೆ ನೋಡ್ರಿ. ಬ್ಯಾನರ್‌ನ ಎಡಗಡೆ ಮೂಲೆ ಹಿಡಕಂಡಾಕಿ ನಾನೇ.”

ನೀವು ಕನ್ನಡಕ ಸರಿಮಾಡಿಕೊಂಡು ತಿರುಗಿ ನೋಡಿದಿರಿ. “ಟೋಪಿ ಐತೆ, ಕಪ್ಪು ಕನ್ನಡಕ ಐತೆ. ಮುಖ ಎಲ್ಲಿ ಕಾಣುತ್ತಮ್ಮಾ? ದಾಖಲೆ ಪ್ರಕಾರ ಅದು ಅಂಕಿತಾ.”

“ಅಂಕಿತಾನ ಕರ್ಕಂಬಂದು ಪಕ್ಕಕ್ಕೆ ನಿಲ್ಲಿಸ್ಲೇನ್ರಿ? ನನಗಿಂತ ಬೆಳ್ಳಗದಾಳೆ.”

“ಹಿಮದಾಗೆ ಎಲ್ರೂ ಕಪ್ಪಾಗ್ತಾರಮ್ಮ” ಎಂದಿರಿ. ಹಿಮದ ಬಗ್ಗೆ ನಿಮ್ಮ ಜ್ಞಾನ ಅಪಾರ. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಿರಿ: “ಯಾರೂ ನಿನ್ನ ಕೇಳ್ತಾ ಇಲ್ಲ. ತಪ್ಪಿಸ್ಕೊಂಡಿದೀಯ. ಸುಮ್ನೆ ಯಾಕ ಮೈಮ್ಯಾಲೆ ಹಾಕ್ಕಂತೀಯ?” ಆ ಮಾತನ್ನು ನೀವು ಕನಿಕರದಿಂದಲೇ ಹೇಳಿದಿರಿ, ಅದನ್ನು ಅಲ್ಲಗಳೆಯಲಾರೆ. ಆದರೆ ತಪ್ಪಿಸಿಕೊಂಡವಳು ನಾನೊಬ್ಬಳೇ ಎಂಬಂತೆ ಹೇಳಿದಿರಿ.

ಈ ಪತ್ರ ಬರೆಯುವ ಮೊದಲು ಅಂಕಿತಾಳ ಮನೆಗೆ ಹೋಗಿ ಕೇಳಿದೆ, ಇದರಿಂದ ಅವಳಿಗೂ ತೊಂದರೆಯಾದೀತೆಂದು. ಬಕ್ಕೇಶಪ್ಪನವರು ತಕ್ಕಡಿ ಬಿಟ್ಟು ಎದ್ದು ಬಂದರು. “ಅಲ್ಲವ್ವಾ, ಯಾವನೋ ಬೆಟ್ಟದಾಗಿನ ಮನುಷ್ಯಾನ ಸಲುವಾಗಿ ನಮ್ಮ ಹುಡುಗಿ ಓದು ಯಾಕ ಹಾಳು ಮಾಡ್ತಿ?” ಎಂದರು. ನ್ಯಾಯವಾದ ಪ್ರಶ್ನೆ. ಉತ್ತರ ಕೊಟ್ಟವಳು ಅಂಕಿತಾ. “ಅಪ್ಪಾ, ನಾನು ಬೇವಿನಸೊಪ್ಪು ಹಾಸ್ಕಂಡು ಮಲಗಿದ್ದಾಗ ಹಿಮನದಿ ಮುಟ್ಟಿ ಬಂದೀನಿ ಅಂತ ಸ್ಟೇಜಿನ ಮ್ಯಾಲೆ ಶಾಲು ಹೊದಿಸ್ಯಾರೆ. ಅಲ್ಲಿ ಹೆಂಗಿತ್ತಮ್ಮ ಅನುಭವ ಅಂತ ಮೈಕ್ ಹಿಡಿದ್ರು. ಏನು ಹೇಳ್ಲಿ, ಮೈಯೆಲ್ಲ ಕಡೀತಿತ್ತು ಅಂತಾನಾ?” ನನ್ನ ಕಡೆ ತಿರುಗಿ “ಬರಿ” ಎಂದಳು. ಅವಳ ಕಾಲೇಜಿನವರು ಇದನ್ನು ಓದುತ್ತಿದ್ದರೆ, ಆ ಹುಡುಗಿ ತಾನಾಗಿ ಯಾವ ಸುಳ್ಳನ್ನೂ ಹೇಳಿಲ್ಲ, ಮಲಗಿದ್ದವಳ ಹೆಸರನ್ನು ಬೇರೆಯವರು ಎತ್ತಿಕೊಂಡು ಹೋದರು ಎಂಬುದನ್ನು ಗಮನಿಸಲಿ.

ಮಾರ್ಗದರ್ಶಕರ ಸಂಘಕ್ಕೆ ನಾನೇ ನೇರ ಪತ್ರ ಬರೆಯಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಬರೆದೆ. ತಂಡ ಕಳಿಸಿದ ಕಚೇರಿಯಿಂದ ಬಂದ ಪತ್ರವನ್ನು ಮಾತ್ರ ಪರಿಗಣಿಸುತ್ತೇವೆ ಎಂದು ಉತ್ತರ ಬಂತು. ಅವರನ್ನು ದೂರುವುದಿಲ್ಲ, ಅವರಿಗೆ ನೀವು ದೊಡ್ಡವರಂತೆ ಕಾಣುತ್ತೀರಿ, ದೂರದಿಂದ ಬೆಟ್ಟ ಯಾವಾಗಲೂ ನುಣ್ಣಗೆ. ಮೊನ್ನೆ ಅಂಗ್ರುಪ್ ಫೋನು ಮಾಡಿದ್ದ. ಅವರಲ್ಲಿ ವರ್ಷಕ್ಕೆ ನಾಲ್ಕೇ ತಿಂಗಳು ಕೆಲಸ, ಜೂನ್ ಮೊದಲ ವಾರ ದಾರಿ ತೆರೆಯುತ್ತದೆ. ಚೀಟಿ ಇಲ್ಲದವನನ್ನು ಯಾವ ತಂಡವೂ ಕರೆಯುವಂತಿಲ್ಲ. ಅವನು ಅದನ್ನು ದೂರಲು ಫೋನು ಮಾಡಿರಲಿಲ್ಲ. ಯಶೋದಾಳ ಕಾಲು ಹೇಗಿದೆ ಎಂದು ಕೇಳಿದ. ನಾನು ಕ್ಷಮೆ ಕೇಳಿದೆ. “ನೀನು ತಿಳಿಯದೆ ಮಾಡಿದೆ. ಅದನ್ನು ನಾನು ಯಾರಿಗೂ ಹೇಳುವುದಿಲ್ಲ, ಹೇಳಬೇಕಾದವಳು ನೀನು” ಎಂದ. ಆಮೇಲೆ ಕೇಳಿದ: “ದುರ್ಗಾ, ನನ್ನ ಮಗಳು ಶಾಲೆಯಲ್ಲಿ ಕೇಳಿಸಿಕೊಂಡು ಬಂದಿದ್ದಾಳೆ, ಅಪ್ಪ ಒಂದು ಹುಡುಗಿಯ ಕಾಲು ಸುಟ್ಟನಂತೆ ಅಂತ. ಅವಳಿಗೆ ನಾನು ಏನು ಹೇಳಲಿ?”

ಮಾನ್ಯರೇ, ಈಗ ನನ್ನ ಬೇಡಿಕೆ. ನನಗೆ ಪ್ರಮಾಣಪತ್ರ ಬೇಡ, ಶಾಲು ಬೇಡ, ಫೋಟೊದ ಕೆಳಗೆ ನನ್ನ ಹೆಸರು ಬೇಡ. ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಾನು, ಯಶೋದಾ, ಅಂಕಿತಾ, ದುರುಗಣ್ಣನವರು ನಾಲ್ವರೂ ನಿಮ್ಮ ಕಚೇರಿಗೆ ಬರುತ್ತೇವೆ. ಮೇ ಹತ್ತರೊಳಗೆ ಆ ಸಂಘಕ್ಕೆ ತಲುಪುವ ಹಾಗೆ ಒಂದು ಕಾಗದಕ್ಕೆ ನೀವು ಸಹಿ ಹಾಕಿ ಮೊಹರು ಒತ್ತಬೇಕು. ನಿಮಗೆ ಶ್ರಮವಾಗಬಾರದೆಂದು ಒಕ್ಕಣೆಯನ್ನು ನಾನೇ ತಯಾರಿಸಿದ್ದೇನೆ: “ನಮ್ಮ ತಂಡದ ವಿದ್ಯಾರ್ಥಿನಿಯ ಕಾಲು ಸುಟ್ಟಿದ್ದರಲ್ಲಿ ಮಾರ್ಗದರ್ಶಕ ಅಂಗ್ರುಪ್ ಅವರ ತಪ್ಪೇನೂ ಇಲ್ಲ. ಅವರು ಬೇಡವೆಂದದ್ದನ್ನೇ ನಾವು ಮಾಡಿದೆವು. ಅವಳನ್ನು ಬೆನ್ನ ಮೇಲೆ ಹೊತ್ತು ಇಳಿಸಿದವರು ಅವರು.” ಇಷ್ಟೇ, ಮೂರು ವಾಕ್ಯ. ‘ನಾವು’ ಅಂದರೆ ಯಾರು ಎಂದು ಅವರು ಕೇಳಿದರೆ ಕೆಳಗೆ ನನ್ನ ಹೆಸರು ಬರೆಯಿರಿ, ವಿಳಾಸ ಸಮೇತ. ಅದರ ಪಕ್ಕದಲ್ಲಿ ಇನ್ನೂ ಒಂದೆರಡು ಹೆಸರಿಗೆ ಆಗುವಷ್ಟು ಜಾಗ ಬಿಟ್ಟಿದ್ದೇನೆ. ತುಂಬುವುದೂ ಬಿಡುವುದೂ ತಮ್ಮ ಆತ್ಮಸಾಕ್ಷಿಗೆ ಸೇರಿದ್ದು, ಅದು ಇವತ್ತು ಕರ್ತವ್ಯದ ಮೇಲಿದ್ದರೆ.

ಇಂತಿ, ಒಂದು ಗಾಯಕ್ಕೆ ಹೊಣೆಯಾಗಲು ಏಳು ತಿಂಗಳಿನಿಂದ ಅಲೆಯುತ್ತಿರುವ,
ದುರ್ಗಾ
ಮಂಡಕ್ಕಿ ಭಟ್ಟಿಯ ಕೆಲಸದವಳು, ಆವರಗೆರೆ